ಮುರಿದು ಕೂಡಿದ ಕೈ

“ಬೀಗದ ಕೈ ಯಾರ ಹತ್ರ ಇದೆ?”

“ಯಾವ ಕೋಣೆದು ಸಾರ್?”

“ಮಕ್ಕಳಸ್ನೇಹಿ ಕೋಣೆದು.”

ಬಾಲಮಂದಿರದ ಕಾವಲುಗಾರ ತಲೆ ಕೆರೆದುಕೊಂಡ. ಆಮೇಲೆ ಮುಖ ಅರಳಿತು. “ಓ, ಆ ಗೋಡೌನಾ! ಹಾಗನ್ನಿ ಮತ್ತೆ.”

ಸಿಡುಕಪ್ಪ ಹಲ್ಲು ಕಚ್ಚಿದ. ಅವನ ನಿಜವಾದ ಹೆಸರು ಇಲಾಖೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಮೇಲಧಿಕಾರಿಗಳೂ ಹಿಂದಿನಿಂದ ಅವನನ್ನು ಹಾಗೇ ಕರೆಯುತ್ತಿದ್ದರು. ಮೇಲಿನವರ ಜೊತೆ ಜಗಳವಾಡಿ ಕೊಲೆ ಪತ್ತೆ ವಿಭಾಗದಿಂದ ಎತ್ತಂಗಡಿಯಾಗಿ, ಹೊಸ ಕಾನೂನಿನ ಪ್ರಕಾರ ಹುಟ್ಟಿಕೊಂಡ ಮಕ್ಕಳ ಘಟಕಕ್ಕೆ ಬಂದು ಬಿದ್ದ ಇನ್‌ಸ್ಪೆಕ್ಟರ್ ಅವನು. ಘಟಕ ಎಂದರೆ ಅವನು, ಒಬ್ಬಳು ಮಹಿಳಾ ಪೇದೆ, ಒಂದು ಜೀಪು, ಗೋಡೆಯ ಮೇಲೊಂದು ನಿಯಮಗಳ ಪಟ. ಆ ಪಟವನ್ನು ಪೂರ್ತಿ ಓದಿದವನು ಇಡೀ ಊರಿನಲ್ಲಿ ತಾನೊಬ್ಬನೇ ಎಂಬ ಅನುಮಾನ ಅವನಿಗಿತ್ತು.

ಬಾಗಿಲು ತೆರೆಯಿತು. ಗೋಡೆಯ ಮೇಲೆ ಒಂದು ಮೊಲದ ಚಿತ್ರ. ಬರೆದವನಿಗೆ ಮೊಲಕ್ಕಿಂತ ನಾಯಿಯ ಪರಿಚಯವೇ ಹೆಚ್ಚಿದ್ದಂತಿತ್ತು. ಮೊಲದ ಎದುರು ಕಾಲು ಮುರಿದ ಕುರ್ಚಿಗಳ ಗುಡ್ಡೆ, ಎರಡು ಪೇಂಟ್ ಡಬ್ಬ, ಉದ್ಘಾಟನೆಯ ದಿನದ ಬ್ಯಾನರು.

“ಮಗುವಿಗೆ ಹೆದರಿಕೆ ಆಗಬಾರದು ಅಂತ ಈ ಕೋಣೆ,” ಎಂದ ಸಿಡುಕಪ್ಪ, ಯಾರಿಗೆಂದಿಲ್ಲದೆ. “ನನಗೇ ಹೆದರಿಕೆ ಆಗ್ತಿದೆ.”

ಹಿಂದಿದ್ದ ಪೇದೆ ನಕ್ಕಳು. “ಕುರ್ಚಿ ಸರಿಸ್ತೀನಿ ಬಿಡಿ ಸಾರ್. ನೀವು ಅಂಗಿ ಬದಲಾಯಿಸ್ಕೊಳ್ಳಿ.”

ಅದೊಂದು ಬೇರೆ ಪೀಕಲಾಟ. ಮಗುವಿನ ಎದುರು ಸಮವಸ್ತ್ರ ತೊಡುವಂತಿಲ್ಲ ಎಂಬುದು ನಿಯಮ. ಪ್ರತಿ ಸಲ ಜೀಪಿನ ಮರೆಯಲ್ಲಿ ನಿಂತು ಅವನು ತನ್ನ ಭಾವಮೈದುನನ ಗಿಳಿ ಚಿತ್ರದ ಅಂಗಿ ಹಾಕಿಕೊಳ್ಳುತ್ತಿದ್ದ. ಹೊಟ್ಟೆಯ ಹತ್ತಿರ ಗುಂಡಿ ಕೂರುತ್ತಿರಲಿಲ್ಲ.

ಅಂಗಿ ಬದಲಾಯಿಸಿ ಬರುವಷ್ಟರಲ್ಲಿ ಪೇದೆ ಎರಡು ಗಟ್ಟಿ ಕುರ್ಚಿ ಹುಡುಕಿ, ಧೂಳು ಒರೆಸಿ, ಹುಡುಗಿಯನ್ನು ಕರೆದುಕೊಂಡು ಬಂದಿದ್ದಳು. ಈ ಘಟಕದಲ್ಲಿ ಹೇಳುವ ಮೊದಲೇ ಕೆಲಸ ಆಗುತ್ತಿದ್ದದ್ದು ಅವಳಿಂದ ಮಾತ್ರ. ಕೋಪವಿಲ್ಲದಾಗ ಸಿಡುಕಪ್ಪ ಅವಳನ್ನು ‘ತಂಗಿ’ ಎನ್ನುತ್ತಿದ್ದ. ಯಾರೂ ಇಲ್ಲದಾಗ ಅವಳೂ ‘ಅಣ್ಣಾ’ ಎನ್ನುತ್ತಿದ್ದಳು.

ಹುಡುಗಿ ಕುರ್ಚಿಯ ಅಂಚಿನಲ್ಲಿ ಕೂತಳು. ಕಾಲು ನೆಲಕ್ಕೆ ಸರಿಯಾಗಿ ತಾಕುತ್ತಿರಲಿಲ್ಲ.

ಇವಳು ಕೆಲಸಕ್ಕಿದ್ದ ಮನೆಯ ಮುದಿ ವಕೀಲ ಮೆಟ್ಟಿಲ ಕೆಳಗೆ ಕುತ್ತಿಗೆ ಮುರಿದು ಸತ್ತು ಬಿದ್ದಿದ್ದ. ‘ನಾನೇ ತಳ್ಳಿದ್ದು’ ಎಂದು ಒಂದೇ ಮಾತು ಹೇಳಿ ಬಾಯಿ ಮುಚ್ಚಿದವಳು ಪೊಲೀಸರೆದುರು ಅದನ್ನು ಮತ್ತೆ ತೆರೆದಿರಲಿಲ್ಲ.

“ಎಡಗೈ ಕೊಡು ಪುಟ್ಟಿ,” ಎಂದ ಸಿಡುಕಪ್ಪ.

ಅವಳು ಕೊಟ್ಟಳು. ಕಡ್ಡಿಯಂಥ ಕೈ. ಮೊಣಕೈಯಿಂದ ಮಣಿಕಟ್ಟಿನವರೆಗೆ ಅವನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಬಂದ. ಎಲ್ಲೂ ಗಂಟಿಲ್ಲ, ಡೊಂಕಿಲ್ಲ.

“ಯಾವತ್ತಾದ್ರೂ ಬಿದ್ದು ಈ ಕೈ ಮುರಿದಿತ್ತಾ?”

ಹುಡುಗಿ ಅವನನ್ನು ನೋಡಿದಳು. ಪೇದೆಯನ್ನು ನೋಡಿದಳು. ತಲೆ ತಗ್ಗಿಸಿದಳು.

“ಮಾತಾಡಮ್ಮ, ಸಾರ್ ಏನೂ ಮಾಡಲ್ಲ,” ಎಂದಳು ಪೇದೆ ಮೃದುವಾಗಿ.

ಮಾತಿಲ್ಲ. ಸಿಡುಕಪ್ಪ ನಿಟ್ಟುಸಿರು ಬಿಟ್ಟು ಪೇದೆಯನ್ನು ಹೊರಗೆ ಕರೆದ.

ಬೆಳಿಗ್ಗೆಯಿಂದ ಅವನ ತಲೆ ಕೆಟ್ಟುಹೋಗಿತ್ತು. ಹುಡುಗಿಯ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲದ ಕಾರಣ ಬಾಲನ್ಯಾಯ ಮಂಡಳಿ ಮೂಳೆ ಪರೀಕ್ಷೆಗೆ ಬರೆದಿತ್ತು. ಆಸ್ಪತ್ರೆ ಅವಳ ವಯಸ್ಸು ಇಪ್ಪತ್ತಕ್ಕೆ ಕಡಿಮೆಯಿಲ್ಲ ಎಂದು ಷರಾ ಕಳಿಸಿತ್ತು. ಇಪ್ಪತ್ತಾದವಳು ಮಗುವಲ್ಲ. ಇವತ್ತು ಸಂಜೆ ಮಂಡಳಿ ಸೇರಿದರೆ ಅವಳನ್ನು ಹೆಂಗಸರ ಜೈಲಿಗೆ ಕಳಿಸಿ, ದೊಡ್ಡವರ ಕೋರ್ಟಿಗೆ ಕೊಲೆ ಕೇಸು ಒಪ್ಪಿಸುವುದೊಂದೇ ಬಾಕಿ.

“ಕೋರೆಹಲ್ಲು ಇನ್ನೂ ಅರ್ಧವೇ ಹೊರಗೆ ಬಂದಿದೆ ಆ ಹುಡುಗಿಗೆ!” ಎಂದು ಅವನು ಮಂಡಳಿಯ ಗುಮಾಸ್ತನ ಮುಂದೆ ಕೂಗಾಡಿದ್ದ.

“ಹಲ್ಲು ನೋಡಿ ಅಂತ ಆದೇಶದಲ್ಲಿ ಇಲ್ಲ ಸಾರ್,” ಎಂದಿದ್ದ ಗುಮಾಸ್ತ.

ಆಮೇಲೆ ಸಿಡುಕಪ್ಪನೇ ಆಸ್ಪತ್ರೆಗೆ ಹೋಗಿ ಜಗಳವಾಡಿ ಎಕ್ಸ್‌ರೇ ಫಿಲ್ಮನ್ನೇ ಎತ್ತಿಕೊಂಡು ಬಂದಿದ್ದ. ಮೂಳೆ ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದ್ದರು. ಷರಾ ಬರೆದದ್ದು ಅವರಲ್ಲ, ರಜೆಯ ಮೇಲೆ ಹೋಗಿರುವ ಇನ್ನೊಬ್ಬರು. “ಈ ಕೈ ಚಿಕ್ಕಂದಿನಲ್ಲಿ ಮುರಿದಿದೆ ಕಣ್ರೀ. ಪ್ಲಾಸ್ಟರ್ ಹಾಕಿಲ್ಲ, ಹೇಗ್ಹೇಗೋ ಕೂಡ್ಕೊಂಡಿದೆ. ರಸ್ತೆಯ ಆ ಕಡೆಯಿಂದ ನೋಡಿದ್ರೂ ಡೊಂಕು ಕಾಣ್ಬೇಕು.”

ಈಗ ಕಂಡದ್ದು ಅಡಿಪಟ್ಟಿಯಷ್ಟು ನೇರವಾದ ಕೈ.

“ಯಂತ್ರದ ಕೆಳಗೆ ಬೇರೆ ಯಾರದೋ ಕೈ ಇಟ್ಟಿದ್ದಾರೆ,” ಎಂದ ಸಿಡುಕಪ್ಪ ಜಗಲಿಯಲ್ಲಿ. “ಅವತ್ತು ಇವಳನ್ನ ಕರ್ಕೊಂಡು ಹೋಗಿದ್ದು ನೀನಲ್ವಾ?”

“ಹೌದು ಸಾರ್. ನಾನು ಚೀಟಿ ಮಾಡಿಸೋಕೆ ಸಾಲಲ್ಲಿ ನಿಂತಿದ್ದೆ. ಇಲ್ಲಿಯ ಆಯಾನೇ ಅವಳನ್ನ ಎಕ್ಸ್‌ರೇ ಕೋಣೆಗೆ ಕರ್ಕೊಂಡು ಹೋದ್ಲು.” ಪೇದೆಯ ಮುಖ ಬಾಡಿತು. “ನಾನೇ ಒಳಗೆ ಹೋಗ್ಬೇಕಿತ್ತು. ತಪ್ಪಾಯ್ತು ಅಣ್ಣಾ.”

“ನಿನ್ನದೇನು ತಪ್ಪು? ಒಬ್ಬಳೇ ಎಷ್ಟು ಕಡೆ ನಿಲ್ತೀಯ?”

“ಎಕ್ಸ್‌ರೇ ತೆಗೆದೋನು ಮುಖ ನೋಡಿರ್ತಾನಲ್ವಾ? ಕರ್ಕೊಂಡು ಬರ್ಲಾ? ಆಯಾನ್ನ ಎದುರಿಗೇ ನಿಲ್ಲಿಸಿ ಕೇಳೋಣ.”

ಅವನು ಹೇಳಬೇಕೆಂದಿದ್ದುದೂ ಅದೇ. ಜೀಪಿನ ಕೀಲಿಯನ್ನು ಅವಳತ್ತ ಎಸೆದ.

* * *

ಬಾಲಮಂದಿರದ ಮೇಲ್ವಿಚಾರಕಿಯನ್ನು ಮಕ್ಕಳೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು. ಅವಳು ಆಫೀಸಿನಲ್ಲಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಎಲೆಕೋಸು ಹೆಚ್ಚುತ್ತಿದ್ದಳು. ಕನ್ನಡಕದ ಒಂದು ಕಡ್ಡಿಯ ಜಾಗದಲ್ಲಿ ದಾರ ಕಟ್ಟಿತ್ತು.

“ಅಡುಗೆಯವಳಿಗೆ ಜ್ವರ,” ಎಂದಳು, ಅವನು ಕೇಳುವ ಮೊದಲೇ. “ತಪಾಸಣೆ ಆದ್ರೆ ನಾಳೆ ಬನ್ನಿ.”

“ತಪಾಸಣೆ ಅಲ್ಲ. ಆ ಹುಡುಗಿ ಎಲ್ಲಿ ಮಲಗ್ತಾಳೆ?”

“ಬೇರೆ ಕೋಣೇಲಿ. ಕಾನೂನಲ್ಲಿ ಹೇಗಿದೆಯೋ ಹಾಗೆ.”

“ಉಗ್ರಾಣದಲ್ಲಿ ಅಕ್ಕಿ ಮೂಟೆ ಪಕ್ಕ ಅವಳ ಹಾಸಿಗೆ ಸುತ್ತಿಟ್ಟಿರೋದು ಬರ್ತಾ ನೋಡ್ದೆ.”

ಚಾಕು ನಿಂತಿತು. ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

“ಸರಿ, ಉಗ್ರಾಣ. ಅಲ್ಲಿ ಇಲಿ ಕಡಿಮೆ.”

“ನನ್ನ ಹತ್ರ ಸುಳ್ಳು ಯಾಕೆ ಹೇಳಿದ್ರಿ?”

“ಅಭ್ಯಾಸ.”

ಸಿಡುಕಪ್ಪನಿಗೆ ರೇಗಿತು. “ನೋಡಿ ಅಮ್ಮ, ಹುಡುಗಾಟ ಅಲ್ಲ ಇದು. ಮೂಳೆ ಪರೀಕ್ಷೆ ದಿನ ಈ ಮಗು ಬದಲು ಯಾರನ್ನೋ ಕೂರಿಸಿದ್ದಾರೆ. ಎಕ್ಸ್‌ರೇ ಕೋಣೆಗೆ ಅವಳನ್ನ ಕರ್ಕೊಂಡು ಹೋಗಿದ್ದು ನಿಮ್ಮ ಆಯಾ. ಎಲ್ಲಿ ಅವಳು? ಕರೀರಿ.”

“ನಮ್ಮಲ್ಲಿ ಆಯಾ ಇಲ್ಲ.”

“ಮತ್ತೆ ಸುಳ್ಳು.”

“ಇಲ್ಲ ಅಂದ್ರೆ ಇಲ್ಲ.”

“ನಿಮ್ಮ ಆಫೀಸಿನ ಬೋರ್ಡಲ್ಲೇ ಬರೆದಿದೆಯಲ್ರೀ, ಆಯಾ ಒಬ್ಬರು ಅಂತ!”

ದೊಡ್ಡಮ್ಮ ಚಾಕುವನ್ನು ಹಲಗೆಗೆ ಕುಕ್ಕಿದಳು.

“ಹುದ್ದೆ ಇದೆ ಸಾಮಿ, ಆಯಾ ಇಲ್ಲ! ನರ್ಸ್ ಹುದ್ದೆ ಇದೆ, ನರ್ಸ್ ಇಲ್ಲ. ಹೊಲಿಗೆ ಕಲಿಸೋರ ಹುದ್ದೆ ಇದೆ, ಹೊಲಿಗೆ ಯಂತ್ರಾನೂ ಇದೆ, ಕಲಿಸೋರು ಇಲ್ಲ. ಯಂತ್ರಕ್ಕೆ ಬಟ್ಟೆ ಹೊದಿಸಿ ಅದರ ಮೇಲೆ ನಾನು ತಟ್ಟೆ ಇಡ್ತೀನಿ. ನೀವೆಲ್ಲ ದೊಡ್ಡ ಸಭಾಂಗಣದಲ್ಲಿ ಕೂತು ಮಕ್ಕಳ ಹಿತ, ಮಕ್ಕಳ ಹಿತ ಅಂತ ಭಾಷಣ ಕೇಳಿ ಎದ್ದು ಹೋಗ್ತೀರಲ್ಲ, ಆಮೇಲೆ ಆ ಹಿತಾನ ತಲೆಗೆ ಹೇನಿನ ಎಣ್ಣೆ ಹಚ್ಚಿ ಬಾಚೋಳು ನಾನು. ಬೋರ್ಡಂತೆ ಬೋರ್ಡು!”

“ಒಂದು ಸುಳ್ಳು ಹೇಳಿದೋರ ಎರಡನೇ ಮಾತು ನಂಬೋದು ಹೇಗೆ?”

“ಆ ಸುಳ್ಳು ಹೇಳಿಸೋರು ನೀವೇ. ಬೇರೆ ಕೋಣೆ ಇಲ್ಲ ಅಂದ್ರೆ ಮಂದಿರಕ್ಕೆ ಬೀಗ ಹಾಕ್ತೀವಿ ಅಂತೀರ. ಇದೆ ಅಂದ್ರೆ ಚಹಾ ಕುಡಿದು ಖುಷಿಯಾಗಿ ಹೋಗ್ತೀರ. ಬೀಗ ಹಾಕಿದ್ರೆ ಈ ಮಕ್ಕಳೆಲ್ಲ ಎಲ್ಲಿಗೆ ಹೋಗ್ತಾರೆ, ನಿಮ್ಮ ಮನೆಗಾ?”

 ಆದರೂ ಸಿಡುಕಪ್ಪನ ಅನುಮಾನ ಬಿಡಲಿಲ್ಲ. ಮುದಿ ವಕೀಲನ ಮಗ, ಊರಿನವರು ಚಿಕ್ಕ ವಕೀಲರು ಎನ್ನುವವನು, ಈ ಮಂದಿರದ ಸಮಿತಿಯ ಸದಸ್ಯ. ಹುಡುಗಿಯನ್ನು ದೊಡ್ಡವಳೆಂದು ವಿಚಾರಣೆ ಮಾಡಬೇಕೆಂದು ಮಂಡಳಿಗೆ ಮೊದಲು ಅರ್ಜಿ ಹಾಕಿದವನೂ ಅವನೇ. ಅವನ ಮಾತಿಗೆ ಈ ಹೆಂಗಸು ಬಗ್ಗಿರಬಹುದಲ್ಲ?

“ಚಿಕ್ಕ ವಕೀಲರು ಇಲ್ಲಿಗೆ ಬರ್ತಿರ್ತಾರಾ?”

“ಫೋಟೋ ತೆಗೆಸಿಕೊಳ್ಳೋ ದಿನ ಬರ್ತಾರೆ. ಹುಡುಗಿ ಬಂದ ಮೇಲೆ ಬಂದಿಲ್ಲ.” ಅವಳು ಕೈ ಒರೆಸಿಕೊಂಡಳು. “ಅವತ್ತು ನಿಮ್ಮೋರು ಬಂದು ಕರ್ಕೊಂಡು ಹೋದ್ರು, ನಿಮ್ಮೋರೇ ತಂದು ಬಿಟ್ರು. ಇಲ್ಲಿಂದ ಒಂದು ನರಪಿಳ್ಳೆನೂ ಜೊತೆಗೆ ಹೋಗಿಲ್ಲ. ನಂಬಿಕೆ ಇಲ್ದಿದ್ರೆ ಅವಳನ್ನೇ ಕೇಳಿ.”

“ಅವಳು ಮಾತಾಡಿದ್ರೆ ನಾನು ನಿಮ್ಮ ಹತ್ರ ಯಾಕೆ ಬರ್ತಿದ್ದೆ?”

“ಮಾತಾಡಲ್ವಾ?” ದೊಡ್ಡಮ್ಮ ಅವನನ್ನು ವಿಚಿತ್ರವಾಗಿ ನೋಡಿದಳು. “ನಿನ್ನೆ ಇಡೀ ದಿನ ನನ್ನ ತಲೆ ತಿಂದ್ಳು. ಸಾರಿಗೆ ಉಪ್ಪು ಜಾಸ್ತಿ ಅಂದ್ಳು, ಬೆಕ್ಕು ಮರಿ ಹಾಕಿದೆ ಅಂದ್ಳು, ನನ್ನ ಕನ್ನಡಕ ತಾನೇ ಕಟ್ಟಿಕೊಟ್ಳು. ನೀವು ಬಂದಾಗ ಮಾತ್ರ ಬಾಯಿಗೆ ಬೀಗ.”

ಸಿಡುಕಪ್ಪ ಬಾಗಿಲಿಗೆ ಒರಗಿದ. “ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ನೀವು ಕೇಳಿದ್ರಾ?”

ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸಮವಸ್ತ್ರ ಕಳಚಿದ್ದ, ದನಿ ತಗ್ಗಿಸಿದ್ದ, ಹಗಲು ಹೊತ್ತಿನಲ್ಲೇ ಬಂದಿದ್ದ, ಹೆಣ್ಣುಮಗುವಿನ ಜೊತೆ ಮಾತಾಡುವಾಗ ಮಹಿಳಾ ಪೇದೆ ಇರಲೇಬೇಕೆಂಬ ನಿಯಮವನ್ನು ಒಂದು ಸಲವೂ ಮುರಿದಿರಲಿಲ್ಲ. ಇಷ್ಟೆಲ್ಲ ಮಾಡಿಯೂ ಆ ಮಗು ಹೆದರಿದ್ದು ತನ್ನ ಮೀಸೆಗಾ?

“ನಾನು ಹೋಗಿ ಕೇಳ್ತೀನಿ,” ಎಂದ.

“ಒಬ್ಬರೇನಾ? ಆಗಲ್ಲ.” ದೊಡ್ಡಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. “ನಿಮ್ಮ ಪೊಲೀಸಮ್ಮ ಇಲ್ಲ. ನಾನು ಜೊತೆಗೆ ಕೂರ್ತೀನಿ.”

ಮೊದಲ ಸಲ ಅವನಿಗೆ ಅವಳ ಮೇಲೆ ಗೌರವ ಬಂತು. ತೋರಿಸಿಕೊಳ್ಳಲಿಲ್ಲ.

* * *

ಹುಡುಗಿ ಕುರ್ಚಿಯಿಂದಿಳಿದು ಗೋಡೆಯ ಮೊಲಕ್ಕೆ ಬೆರಳಿನಿಂದ ಕಿವಿ ಉದ್ದ ಮಾಡುತ್ತಿದ್ದಳು. ದೊಡ್ಡಮ್ಮನನ್ನು ಕಂಡು ಹತ್ತಿರ ಬಂದವಳು ಸಿಡುಕಪ್ಪನ ಹಿಂದೆ ಇಣುಕಿ ನೋಡಿದಳು.

“ಯಾರೂ ಇಲ್ಲ ಕಂದ, ನಾವಿಬ್ಬರೇ,” ಎಂದಳು ದೊಡ್ಡಮ್ಮ. ನೆಲದ ಮೇಲೇ ಕೂತು ಅವಳನ್ನು ಪಕ್ಕಕ್ಕೆ ಎಳೆದುಕೊಂಡಳು.

ಸಿಡುಕಪ್ಪನೂ ಕಷ್ಟಪಟ್ಟು ನೆಲಕ್ಕೆ ಕೂತ. ಹೊಟ್ಟೆಯ ಹತ್ತಿರದ ಗುಂಡಿ ಕಿತ್ತು ಉರುಳಿಹೋಯಿತು. ಹುಡುಗಿಯ ತುಟಿಯ ತುದಿ ಚೂರು ಅಲುಗಿತು.

“ಆಸ್ಪತ್ರೆಗೆ ಹೋಗಿದ್ಯಲ್ಲ, ಅಲ್ಲಿ ದೊಡ್ಡ ಯಂತ್ರದ ಕೆಳಗೆ ನಿನ್ನ ಕೈ ಇಟ್ರಾ?”

ಅವಳು ದೊಡ್ಡಮ್ಮನ ಮುಖ ನೋಡಿದಳು. ಆಮೇಲೆ ತಲೆಯಾಡಿಸಿದಳು. ಇಲ್ಲ.

“ಮತ್ತೆ ಎಲ್ಲಿದ್ದೆ?”

“ಜೀಪಲ್ಲಿ.”

 ಸಿಡುಕಪ್ಪ ಮೊದಲ ಸಲ ಕೇಳಿದ ದನಿ. ತೆಳ್ಳಗೆ, ಒರಟಾಗಿ, ನೆಗಡಿ ಹಿಡಿದ ದನಿ.

“ಕೋಣೆ ಒಳಗೆ ಹೋಗ್ಲೇ ಇಲ್ವಾ?”

“ಇಲ್ಲ. ಬಿಸ್ಕತ್ತು ಕೊಟ್ಟು ಬಾಗಿಲು ಹಾಕ್ಕೊಂಡು ಹೋದ್ರು.”

ಅವನು ಲಕೋಟೆಯಿಂದ ಫಿಲ್ಮು ತೆಗೆದು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. “ಹಾಗಾದ್ರೆ ಇದು ನಿನ್ನ ಕೈ ಅಲ್ಲ. ನೋಡು, ಇಲ್ಲಿ ಮುರಿದು—”

ಹುಡುಗಿ ಎದ್ದು ನಿಂತಳು. ಫಿಲ್ಮಿನ ಹತ್ತಿರ, ಇನ್ನೂ ಹತ್ತಿರ ಬಂದಳು. ಮಣಿಕಟ್ಟಿನ ಮೇಲೆ ಮೂಳೆ ಬಿಲ್ಲಿನಂತೆ ಬಾಗಿದ್ದ ಕಡೆ ಬೆರಳಿಟ್ಟಳು. ತನ್ನದೇ ಎಡಗೈಯನ್ನು ಹಾಗೇ ಡೊಂಕು ಮಾಡಿ ಪಕ್ಕದಲ್ಲಿ ಹಿಡಿದು ನೋಡಿದಳು.

“ಅಕ್ಕಂದು,” ಎಂದಳು.

“ಯಾವ ಅಕ್ಕ?”

“ನಮ್ಮಕ್ಕ. ನೀರಿನ ಗಾಡಿಯಿಂದ ಬಿದ್ದಿದ್ಲು. ಅಪ್ಪ ಕೋಲು ಕಟ್ಟಿ ಬಟ್ಟೆ ಸುತ್ತಿದ್ರು. ಹೀಗೇ ಆಯ್ತು ಆಮೇಲೆ, ಹೀಗೇ.” ಉಸಿರು ಏರಿಳಿಯತೊಡಗಿತು. “ನನಗಿಂತ ಮೊದಲು ವಕೀಲರ ಮನೇಲಿ ಅಕ್ಕನೇ ಇದ್ದಿದ್ದು. ಓಡಿ ಹೋದ್ಲು ಅಂದ್ರು. ಅವಳ ಬದಲು ನನ್ನ ಕರ್ಕೊಂಡು ಬಂದ್ರು. ಅಕ್ಕ ಬಂದಿದ್ಲಾ? ಆಸ್ಪತ್ರೆಗೆ ಬಂದಿದ್ಲಾ? ನಾನು ಜೀಪಲ್ಲೇ ಇದ್ದೆನಲ್ಲಾ!”

ಡೊಂಕು ಕೈ ಜಗತ್ತಿನಲ್ಲಿ ಒಬ್ಬರಿಗೇ ಇರುವುದಿಲ್ಲ ಎಂದು ಸಿಡುಕಪ್ಪನಿಗೆ ಗೊತ್ತಿತ್ತು. ಆದರೆ ಮುಖದಲ್ಲಿ ತಂಗಿಯ ಹೋಲಿಕೆಯಿದ್ದು, ವಯಸ್ಸು ಇಪ್ಪತ್ತು ದಾಟಿದ್ದು, ಆ ಮನೆಯವರ ಹಿಡಿತದಲ್ಲೇ ಇರುವ ಹೆಣ್ಣು ಎಂದರೆ ಇನ್ನಾರು? ಬದಲಿಗೆ ಕೂರಿಸಲು ಇದಕ್ಕಿಂತ ಸುಲಭದವಳು ಸಿಗುತ್ತಿರಲಿಲ್ಲ.

ದೊಡ್ಡಮ್ಮ ಹುಡುಗಿಯನ್ನು ಅಪ್ಪಿ ಹಿಡಿದಳು. ಹುಡುಗಿ ಬಿಡಿಸಿಕೊಂಡಳು. ಅವಳ ಮುಖದಲ್ಲಿದ್ದದ್ದು ಅಳುವಲ್ಲ, ಸಿಟ್ಟು.

“ಅಕ್ಕ ಎಲ್ಲಿದ್ದಾಳೆ ಅಂತ ಹೇಳ್ತೀನಿ ಅಂದಿದ್ರು. ಅದಕ್ಕೇ ನಾನು ಅವರು ಹೇಳಿಕೊಟ್ಟ ಹಾಗೆ ಹೇಳಿದ್ದು.”

“ಏನು ಹೇಳಿದ್ದು?” ಎಂದ ಸಿಡುಕಪ್ಪ ಮೆಲ್ಲಗೆ.

“ನಾನೇ ತಳ್ಳಿದ್ದು ಅಂತ. ನಾನು ಬರೋಷ್ಟರಲ್ಲಿ ಅಜ್ಜ ಕೆಳಗೆ ಬಿದ್ದಿದ್ರು. ಚಿಕ್ಕ ಸಾಹೇಬ್ರು ಮೆಟ್ಟಿಲ ಮೇಲೆ ಕೂತಿದ್ರು. ಮಕ್ಕಳಿಗೆ ಜೈಲಿಲ್ಲ, ಹೊಸ ಕಾನೂನು ಬಂದಿದೆ, ನಾಲ್ಕು ದಿನ ಆಟ ಆಡಿಸಿ ಬಿಟ್ಟುಬಿಡ್ತಾರೆ, ಆಮೇಲೆ ಅಕ್ಕನ ಹತ್ರ ಕರ್ಕೊಂಡು ಹೋಗ್ತೀನಿ, ಬೇರೆ ಒಂದು ಮಾತಾಡಿದ್ರೂ ಅಕ್ಕ ಸಿಗಲ್ಲ ಅಂದ್ರು.”

 ಸಿಡುಕಪ್ಪ ಗಂಟಲು ಹರಿದುಕೊಂಡು ಶಾಲೆಶಾಲೆಗೆ ಹೋಗಿ ಹೇಳಿದ್ದ ಮಾತದು, ಮಕ್ಕಳಿಗೆ ಜೈಲಿಲ್ಲ. ಅದನ್ನೇ ಬಲೆ ಮಾಡಿ ಈ ಮಗುವಿನ ಮೇಲೆ ಬೀಸಿದ್ದರು. ತಪ್ಪೊಪ್ಪಿಕೊಳ್ಳಲು ಅವಳು ಮಗುವಾಗಿರಬೇಕಿತ್ತು, ಶಿಕ್ಷೆ ಅನುಭವಿಸಲು ದೊಡ್ಡವಳಾಗಬೇಕಿತ್ತು.

“ಹೀಗೆ ಹೇಳು ಅಂದಿದ್ದು ಚಿಕ್ಕ ವಕೀಲರಾ?”

“ಅಲ್ಲ. ಅವರು ಮಾತೇ ಆಡ್ಲಿಲ್ಲ, ನಡುಗ್ತಿದ್ರು. ಆ ಅಕ್ಕ ಹೇಳಿದ್ದು.”

“ಯಾವ ಅಕ್ಕ?”

ಹುಡುಗಿ ಅವನನ್ನು ದಿಟ್ಟಿಸಿದಳು. ಇದೇನು ಇಷ್ಟೂ ಗೊತ್ತಿಲ್ಲವಾ ಎನ್ನುವ ಹಾಗೆ.

“ಪೊಲೀಸಕ್ಕ. ಚಿಕ್ಕ ಸಾಹೇಬ್ರನ್ನ ನೋಡೋಕೆ ಮನೆಗೆ ಬರ್ತಿದ್ರಲ್ಲ. ನೀವು ಬಂದಾಗೆಲ್ಲ ಪಕ್ಕದಲ್ಲೇ ಕೂತ್ಕೊಳ್ತಾರಲ್ಲ, ಅವರು.”



ಸಿಡುಕಪ್ಪ ಎದ್ದ.  ಭೇಟಿಗೆ ಬಂದಾಗಲೆಲ್ಲ ಆ ಪೇದೆಯನ್ನು ತಾನೇ ಕರೆತಂದು, ತಾನೇ ಈ ಮಗುವಿನ ಎದುರು ಕೂರಿಸಿದ್ದ. ನಿಯಮದ ಪ್ರಕಾರ. ಒಂದಕ್ಷರವೂ ತಪ್ಪದಂತೆ.

ಮತ್ತು ಈಗ ಎಕ್ಸ್‌ರೇಗೆ ಕೂತವಳ ಮುಖವನ್ನು ಗುರುತಿಸಬಲ್ಲ ಒಬ್ಬನೇ ಸಾಕ್ಷಿಯನ್ನು ಕರೆತರಲು ಅವಳನ್ನೇ ಕಳಿಸಿದ್ದ. ಜೀಪು ಕೊಟ್ಟು.

ಅವನು ಆಸ್ಪತ್ರೆಗೆ ಫೋನು ಮಾಡಿದ. ಎಕ್ಸ್‌ರೇ ವಿಭಾಗದಲ್ಲಿ ಯಾರೋ ಎತ್ತಿದರು.

“ಅವನಾ? ನಿಮ್ಮ ಮೇಡಂ ಬಂದು ಆಗಲೇ ಕರ್ಕೊಂಡು ಹೋದ್ರಲ್ಲ ಸಾರ್. ಇಷ್ಟು ಹೊತ್ತಿಗೆ ನಿಮ್ಮ ಹತ್ರ ಬರ್ಬೇಕಿತ್ತು. ಬರ್ಲಿಲ್ವಾ?”

ಆಸ್ಪತ್ರೆಯಿಂದ ಬಾಲಮಂದಿರಕ್ಕೆ ನಡೆದು ಬಂದರೂ ಈ ಹೊತ್ತಿಗೆ ತಲುಪಬೇಕಿತ್ತು. ಅವನು ಮಂಡಳಿಯ ನ್ಯಾಯಾಧೀಶೆಗೆ ಫೋನು ಮಾಡಿದ. ಸಭೆಯಲ್ಲಿದ್ದಾರೆ, ಸಂಜೆ ಸಿಗುತ್ತಾರೆ ಎಂದ ಅದೇ ಗುಮಾಸ್ತ. ಠಾಣೆಗೆ ಮಾಡಿದ, ಮಕ್ಕಳ ಘಟಕದ ವಿಷಯವಾದರೆ ಮಕ್ಕಳ ಘಟಕಕ್ಕೇ ಮಾಡಿ ಎಂದರು. “ಮಕ್ಕಳ ಘಟಕ ನಾನೇ ಕಣಯ್ಯಾ!” ಎಂದು ಅವನು ಅರಚುವಷ್ಟರಲ್ಲಿ ಅತ್ತ ಕಡೆ ಇಟ್ಟಾಗಿತ್ತು.

ಉಳಿದದ್ದು ಒಂದೇ ದಾರಿ. ಹುಡುಗಿಯತ್ತ ತಿರುಗಿ ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿ, ಅವನು ಪೇದೆಯ ನಂಬರು ಒತ್ತಿದ.

ಮೊದಲ ರಿಂಗಿಗೇ ಎತ್ತಿದಳು.

“ಹೇಳಿ ಅಣ್ಣಾ.”

“ಎಲ್ಲಿದ್ದೀಯ ತಂಗಿ?” ದನಿ ಎಂದಿನಂತೆ ಸಿಡುಕಾಗಿರಲಿ ಎಂದು ಅವನು ಹೆಣಗಿದ. “ಒಬ್ಬನನ್ನ ಕರ್ಕೊಂಡು ಬಾ ಅಂದ್ರೆ ಎಷ್ಟು ಹೊತ್ತು?”

“ದಾರೀಲಿದ್ದೀನಿ. ಹುಡುಗಿ ಏನಾದ್ರೂ ಬಾಯಿ ಬಿಟ್ಳಾ?”

“ಎಲ್ಲಿ ಬಿಡ್ತಾಳೆ? ಅದೇ ಮೌನ. ನನಗೂ ಸಾಕಾಗಿದೆ.”

 ಪೇದೆಯ ದನಿ ಬಂತು, ಎಂದಿನಂತೆ ಮೃದುವಾಗಿ.

“ಮತ್ತೆ ದೊಡ್ಡಮ್ಮ ಯಾಕಣ್ಣಾ ಕಣ್ಣೊರೆಸಿಕೊಳ್ತಿದ್ದಾರೆ?”

ಸಿಡುಕಪ್ಪ ತಿರುಗಿ ನೋಡಿದ. ಹುಡುಗಿಯನ್ನು ತೋಳಲ್ಲಿ ಅವುಚಿಕೊಂಡು, ದಾರ ಕಟ್ಟಿದ ಕನ್ನಡಕ ಕೈಯಲ್ಲಿ ಹಿಡಿದು ದೊಡ್ಡಮ್ಮ ಅಳುತ್ತಿದ್ದಳು.

ಆ ಅಳುವಿಗೆ ಸದ್ದೇ ಇರಲಿಲ್ಲ. ಅವರ ಹಿಂದೆ ಕಿಟಕಿ ತೆರೆದಿತ್ತು.